ಕಣದ ರೂಪ, ರಕ್ತದ ಮೂಲ

ನಮ್ಮ ಮನೆಗಳಲ್ಲಿ ಜ್ವರ, ಕೆಮ್ಮು, ಮಂಡಿನೋವುಗಳ ಮಾತು ಪಡಸಾಲೆಯಲ್ಲಿಯೇ ನಡೆಯುತ್ತದೆ. ಬಂದವರಿಗೆಲ್ಲ ಅದನ್ನು ಹೇಳಿಕೊಳ್ಳುತ್ತೇವೆ. ಬಂದವರೂ ತಮಗೆ ತಿಳಿದ ಒಂದೊಂದು ಮದ್ದನ್ನು ಹೇಳಿ ಹೋಗುತ್ತಾರೆ. ಆದರೆ ಮೂತ್ರದ ತೊಂದರೆಯ ವಿಷಯ ಬಂದೊಡನೆ ಧ್ವನಿ ತಗ್ಗುತ್ತದೆ. ಮೂತ್ರ ಕೆಂಪಾದುದನ್ನು ಕಂಡ ಹೆಂಗಸರು ಮುಟ್ಟಿನ ಏರುಪೇರೆಂದು ಭಾವಿಸಿ ಸುಮ್ಮನಾಗುತ್ತಾರೆ. ಗಂಡಸರು ಉಷ್ಣವಾಗಿದೆಯೆಂದು ಮಜ್ಜಿಗೆಯನ್ನೋ ಕೊತ್ತಂಬರಿ ಬೀಜ ನೆನೆಸಿದ ನೀರನ್ನೋ ಕುಡಿದು ಮರೆತುಬಿಡುತ್ತಾರೆ. ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದು ಸ್ವತಃ ಒಂದು ರೋಗವಲ್ಲ. ದೇಹದ ಒಳಗೆ ಎಲ್ಲಿಯೋ ಏನೋ ನಡೆದಿದೆಯೆಂಬ ಸೂಚನೆ ಮಾತ್ರ. ಆ ‘ಎಲ್ಲಿಯೋ’ ಎಂಬುದು ಎಲ್ಲಿ ಎಂದು ಕೇಳುವ ಪರಿಪಾಠ ನಮ್ಮಲ್ಲಿ ಬೆಳೆಯಬೇಕೆಂಬುದೇ ಈ ಬರಹದ ಆಶಯ.

ನಾನು 1988ರಿಂದ 2019ರವರೆಗೆ ಸರ್ಕಾರಿ ಆಸ್ಪತ್ರೆಗಳ ಪ್ರಯೋಗಶಾಲೆಗಳಲ್ಲಿ ತಂತ್ರಜ್ಞೆಯಾಗಿ ಕೆಲಸ ಮಾಡಿದವಳು. ರಕ್ತ, ಕಫ, ಮಲ, ಮೂತ್ರಗಳ ಪರೀಕ್ಷೆಯೇ ನನ್ನ ನಿತ್ಯದ ಕಾಯಕವಾಗಿತ್ತು. ಇತರರು ಮೂಗು ಮುಚ್ಚಿಕೊಳ್ಳುವ ವಸ್ತುಗಳಲ್ಲಿ ಮನುಷ್ಯನ ಆರೋಗ್ಯದ ಎಷ್ಟೊಂದು ಸುದ್ದಿ ಅಡಗಿರುತ್ತದೆ ಎಂಬುದನ್ನು ಆ ಕೆಲಸವೇ ನನಗೆ ಕಲಿಸಿತು. ಮೂತ್ರದ ವರದಿಯಲ್ಲಿ ಕೆಂಪು ರಕ್ತಕಣಗಳ ಸಾಲಿಗೆ ಎದುರಾಗಿ ಒಂದು ಸಂಖ್ಯೆಯನ್ನು ಬರೆಯುವುದು ವಾಡಿಕೆ. ಸೂಕ್ಷ್ಮದರ್ಶಕವು ಸುಮಾರು 400 ಪಟ್ಟು ಹಿಗ್ಗಿಸಿ ತೋರಿಸುವ ಒಂದು ವೃತ್ತದಲ್ಲಿ ಎಷ್ಟು ಕಣಗಳು ಕಂಡವೆಂಬ ಲೆಕ್ಕ ಅದು. ಒಂದೆರಡು ಕಂಡರೆ ಚಿಂತೆಯಿಲ್ಲ. 3 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ವಿಚಾರಿಸಬೇಕೆಂಬುದು ಇಂದು ವೈದ್ಯರು ಸಾಮಾನ್ಯವಾಗಿ ಅನುಸರಿಸುವ ನಿಯಮ. ಆದರೆ ಸಂಖ್ಯೆಯು ರಕ್ತವಿದೆಯೆಂದು ಹೇಳೀತೇ ಹೊರತು ಅದು ಬಂದ ದಾರಿಯನ್ನು ಹೇಳಲಾರದು. ನನ್ನ ಹತ್ತಿರದ ಇಬ್ಬರು ಬಂಧುಗಳ ವರದಿಗಳಲ್ಲಿ ಎರಡು ವರ್ಷಗಳ ಅಂತರದಲ್ಲಿ ‘25–30’ ಎಂಬ ಒಂದೇ ಸಂಖ್ಯೆ ಬರೆಯಲ್ಪಟ್ಟಿತ್ತು. ಒಬ್ಬನು ಹದಿನಾಲ್ಕರ ಹುಡುಗ, ಇನ್ನೊಬ್ಬರು ಅರುವತ್ತಮೂರರ ಹಿರಿಯರು. ಸಂಖ್ಯೆ ಒಂದೇ ಆಗಿದ್ದರೂ ಇಬ್ಬರ ರೋಗವೂ ಬೇರೆ, ಇಬ್ಬರೂ ತಟ್ಟಬೇಕಾಗಿದ್ದ ಬಾಗಿಲೂ ಬೇರೆ.

ಇದನ್ನು ವಿವರಿಸುವ ಮೊದಲು ಮೂತ್ರವು ಬರುವ ದಾರಿಯನ್ನು ಸ್ವಲ್ಪ ನೋಡೋಣ. ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಕೂದಲಿಗಿಂತಲೂ ತೆಳುವಾದ ರಕ್ತನಾಳಗಳ ಗೊಂಚಲುಗಳಾದ ಇವುಗಳನ್ನು ವೈದ್ಯರು ಗ್ಲಾಮೆರುಲಸ್ ಎಂದು ಕರೆಯುತ್ತಾರೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವು ಈ ಜರಡಿಗಳ ಮೂಲಕ ಸೋಸಿ ಇಳಿಯುತ್ತದೆ. ಅದರ ಬಹುಪಾಲನ್ನು ಮುಂದಿನ ಸೂಕ್ಷ್ಮ ನಳಿಕೆಗಳು ಮತ್ತೆ ದೇಹಕ್ಕೆ ಹಿಂತಿರುಗಿಸುತ್ತವೆ. ಉಳಿದ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಮೂತ್ರನಾಳಗಳ ಮೂಲಕ ಮೂತ್ರಚೀಲಕ್ಕೆ ಇಳಿದು ಅಲ್ಲಿಂದ ಹೊರಬೀಳುತ್ತದೆ. ಈ ದೀರ್ಘವಾದ ದಾರಿಯ ಯಾವ ತಾಣದಲ್ಲಿಯಾದರೂ ರಕ್ತ ಸೇರಬಹುದು. ಜರಡಿಯೇ ಉರಿಯೂತದಿಂದ ಸಡಿಲವಾಗಿರಬಹುದು, ಹರಳು ಗೀರಿರಬಹುದು, ಸೋಂಕು ತಗುಲಿರಬಹುದು, ಕ್ಷಯ, ಪ್ರಾಸ್ಟೇಟ್ ಗ್ರಂಥಿಯ ಊತ, ಗಡ್ಡೆ ಯಾವುದೂ ಇರಬಹುದು. ಜರಡಿಯ ದೋಷವಾದರೆ ಔಷಧದಿಂದ ಚಿಕಿತ್ಸೆ ಮಾಡುವ ನೆಫ್ರಾಲಜಿ ತಜ್ಞರನ್ನು ಕಾಣಬೇಕು. ದಾರಿಯ ದೋಷವಾದರೆ ಶಸ್ತ್ರಕ್ರಿಯೆಯನ್ನು ಬಲ್ಲ ಯೂರಾಲಜಿ ತಜ್ಞರನ್ನು ಕಾಣಬೇಕು. ಇವೆರಡರ ನಡುವಣ ಕವಲಿನಲ್ಲಿಯೇ ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಅಲೆಯುತ್ತವೆ.

ಮೂತ್ರದ ಗಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಹೊಸದೇನಲ್ಲ. 1830ರ ದಶಕದಲ್ಲಿಯೇ ಪ್ಯಾರಿಸ್ಸಿನ ವೈದ್ಯ ರೇಯೇ ಮತ್ತು ಅವರ ಶಿಷ್ಯ ವಿಗ್ಲಾ ಇದನ್ನು ರೋಗನಿದಾನದ ಕ್ರಮವಾಗಿ ಬೆಳೆಸಿದ್ದರು. ಆದರೆ ಕಣಗಳ ಆಕಾರದಿಂದ ರಕ್ತಸ್ರಾವದ ತಾಣವನ್ನು ಊಹಿಸಬಹುದೆಂಬ ವಿಚಾರಕ್ಕೆ ಬಲ ಬಂದುದು 1979ರಲ್ಲಿ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಬರ್ಚ್ ಮತ್ತು ಫೇರ್ಲಿ ಎಂಬ ಇಬ್ಬರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಜರಡಿಯಿಂದ ಬಂದ ಕಣಗಳು ನಾನಾ ಆಕಾರಗಳಲ್ಲಿ ವಿರೂಪಗೊಂಡಿರುತ್ತವೆ, ದಾರಿಯ ಕೆಳಭಾಗದಿಂದ ಬಂದವು ಬಹುಮಟ್ಟಿಗೆ ಒಂದೇ ರೂಪದಲ್ಲಿರುತ್ತವೆ ಎಂದು ತೋರಿಸಿಕೊಟ್ಟರು. ಅವರು ಬಳಸಿದುದು ಫೇಸ್ ಕಾಂಟ್ರಾಸ್ಟ್ ಎಂಬ ಬಗೆಯ ಸೂಕ್ಷ್ಮದರ್ಶಕ. ಬಣ್ಣ ಹಚ್ಚದ ಜೀವಕಣಗಳ ಅಂಚುಗಳನ್ನು ಸಹ ಸ್ಪಷ್ಟವಾಗಿ ಕಾಣಿಸುವ ಈ ವಿಧಾನವನ್ನು ಕಂಡುಹಿಡಿದುದಕ್ಕಾಗಿ ನೆದರ್ಲೆಂಡ್ಸಿನ ಜೆರ್ನಿಕೆ ಅವರಿಗೆ 1953ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆತಿತ್ತು.

1994ರಲ್ಲಿ ತರಬೇತಿಗೆಂದು ವೈದ್ಯಕೀಯ ಕಾಲೇಜೊಂದಕ್ಕೆ ಹೋಗಿದ್ದಾಗ ನಾನು ಈ ಕಣಗಳನ್ನು ಮೊದಲ ಬಾರಿಗೆ ಫೇಸ್ ಕಾಂಟ್ರಾಸ್ಟಿನಲ್ಲಿ ಕಂಡೆ. ಪ್ರಾಧ್ಯಾಪಕರು ಎರಡು ಗಾಜಿನ ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಇಟ್ಟು, ಯಾವ ವಿವರವನ್ನೂ ಹೇಳದೆ, “ನೋಡಿ, ವ್ಯತ್ಯಾಸವನ್ನು ನೀವೇ ಹೇಳಿ” ಎಂದರು. ಕೆಂಪು ರಕ್ತಕಣದ ಅಡ್ಡಳತೆ 7ರಿಂದ 8 ಮೈಕ್ರೋಮೀಟರ್; ಒಂದು ಮಿಲಿಮೀಟರಿನ ಉದ್ದದಲ್ಲಿ ಸುಮಾರು 130 ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಅದು ಎರಡೂ ಬದಿಗಳಲ್ಲಿ ನಡುವೆ ತಗ್ಗಾಗಿರುವ ಪುಟ್ಟ ಬಿಲ್ಲೆ. ಮೊದಲ ಪಟ್ಟಿಯಲ್ಲಿ ಅಂತಹ ಬಿಲ್ಲೆಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಸಮನಾಗಿದ್ದವು. ಎರಡನೆಯದರಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಒಂದರ ಅಂಚು ಹರಿದಿದೆ, ಒಂದರ ಒಡಲಲ್ಲಿ ತೂತು ಬಿದ್ದಿದೆ. ಕೆಲವಂತೂ ಕೋಡುಬಳೆಯ ಸುತ್ತ ಹಿಟ್ಟಿನ ಸಣ್ಣ ಸಣ್ಣ ಉಂಡೆಗಳನ್ನು ಅಂಟಿಸಿದಂತೆ ಕಾಣುತ್ತಿದ್ದವು. ಈ ಕೋಡುಬಳೆಯ ರೂಪದ ಕಣಗಳಿಗೆ ಅಕ್ಯಾಂಥೊಸೈಟ್ ಎಂದು ಹೆಸರು. ಎಣಿಸಿದ ಕೆಂಪುಕಣಗಳಲ್ಲಿ ನೂರಕ್ಕೆ 5 ಅಥವಾ ಹೆಚ್ಚು ಇಂತಹವು ಇದ್ದರೆ ರಕ್ತವು ಜರಡಿಯಿಂದಲೇ ಬಂದಿರುವ ಸಂಭವ ಬಹಳ ಹೆಚ್ಚು ಎಂದು 1991ರಲ್ಲಿ ಜರ್ಮನಿಯ ಕ್ಯೋಲರ್ ಮತ್ತು ಅವರ ಸಂಗಡಿಗರು ತೋರಿಸಿದ್ದರು.

ಕಣಗಳು ಹೀಗೇಕೆ ವಿರೂಪಗೊಳ್ಳುತ್ತವೆ? ಜರಡಿಯ ಪೊರೆಯಲ್ಲಿ ಬಿರುಕು ಬಿಟ್ಟಾಗ, ತನಗಿಂತ ಬಹಳ ಕಿರಿದಾದ ಆ ಸಂದಿನಲ್ಲಿ ಕಣವು ತನ್ನನ್ನು ಹಿಂಡಿಕೊಂಡು ಹೊರಬೀಳಬೇಕಾಗುತ್ತದೆ. ಅಲ್ಲಿಂದ ಮುಂದೆ ಉದ್ದವಾದ ನಳಿಕೆಯಲ್ಲಿ ಸಾಗುವಾಗ ಒಂದೆಡೆ ಉಪ್ಪಿನಂಶ ಹೆಚ್ಚು, ಇನ್ನೊಂದೆಡೆ ಕಡಿಮೆ. ಈ ಏರಿಳಿತಗಳಿಗೂ ಒಳಗಾಗಿ ಅದರ ಹೊದಿಕೆ ಹಾಳಾಗುತ್ತದೆ. ಮೂತ್ರಚೀಲದ ಗಾಯದಿಂದ ಸೇರಿದ ಕಣಕ್ಕೆ ಈ ಪ್ರಯಾಸವಿಲ್ಲ. ಅದು ರಕ್ತನಾಳದಿಂದ ನೇರವಾಗಿ ಮೂತ್ರಕ್ಕೆ ಬಿದ್ದುದರಿಂದ ತನ್ನ ಸಹಜ ರೂಪವನ್ನು ಉಳಿಸಿಕೊಂಡಿರುತ್ತದೆ. ಇದರೊಡನೆ ಇನ್ನೊಂದು ಸಾಕ್ಷಿಯೂ ಉಂಟು. ನಳಿಕೆಯೊಳಗೆ ರಕ್ತಕಣಗಳು ಒಂದು ಬಗೆಯ ಪ್ರೋಟೀನಿನಲ್ಲಿ ಹೆಪ್ಪುಗಟ್ಟಿ, ಶಾವಿಗೆಯ ತುಂಡಿನಂತೆ ನಳಿಕೆಯ ಅಚ್ಚನ್ನೇ ಹೊತ್ತು ಹೊರಬರುವುದುಂಟು. ಈ ‘ಕಾಸ್ಟ್’ಗಳು ಕಂಡರೆ ರಕ್ತವು ಮೂತ್ರಪಿಂಡದ ಒಳಗಿನದೇ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಈಗ ಮೇಲೆ ಹೇಳಿದ ಇಬ್ಬರ ವಿಷಯಕ್ಕೆ ಬರುತ್ತೇನೆ. ಹುಡುಗನು ನನ್ನ ತಮ್ಮನ ಮಗ. 2016ರ ಮಳೆಗಾಲದಲ್ಲಿ ಅವನಿಗೆ ನೆಗಡಿ, ಗಂಟಲುನೋವು ಬಂದ ಮರುದಿನವೇ ಮೂತ್ರವು ಹಾಲು ಹಾಕದ ಚಹದ ಬಣ್ಣಕ್ಕೆ ತಿರುಗಿತು. ಮೂರು ದಿನಗಳಲ್ಲಿ ತಾನಾಗಿಯೇ ತಿಳಿಯಾಯಿತು. ಊರಿನಲ್ಲಿ ತೋರಿಸಿದಾಗ ಸ್ಕ್ಯಾನಿನಲ್ಲಿ ಸಣ್ಣ ಹರಳಿನ ಗುಮಾನಿ ಬಂದುದರಿಂದ ಹರಳಿನ ಔಷಧ ಆರಂಭವಾಯಿತು. ಮನೆಯವರೂ ಶ್ರದ್ಧೆಯಿಂದ ಪ್ರತಿದಿನ ಬಾಳೆದಿಂಡಿನ ರಸವನ್ನು ಕುಡಿಸಿದರು. ದೀಪಾವಳಿಯ ನಂತರ ಮತ್ತೆ ನೆಗಡಿ, ಮತ್ತೆ ಚಹದ ಬಣ್ಣ. ಎರಡನೆಯ ಸ್ಕ್ಯಾನಿನಲ್ಲಿ ಹರಳಿನ ಸುಳಿವೇ ಇರಲಿಲ್ಲ. ವಿಷಯ ನನ್ನ ಕಿವಿಗೆ ಬಿದ್ದುದು ಆಗಲೇ. ಹುಡುಗನನ್ನು ಪ್ರಯೋಗಶಾಲೆಗೇ ಕರೆಸಿಕೊಂಡು, ಅಲ್ಲಿಯೇ ಮೂತ್ರವನ್ನು ಹಿಡಿಸಿ, 10 ಮಿಲಿಲೀಟರನ್ನು ಐದು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ನಿಂತ ಗಷ್ಟನ್ನು ನೋಡಿದೆ. ನಮ್ಮಲ್ಲಿ ಫೇಸ್ ಕಾಂಟ್ರಾಸ್ಟ್ ಇರಲಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕದ ಕಂಡೆನ್ಸರನ್ನು ಕೆಳಗಿಳಿಸಿ ಬೆಳಕನ್ನು ತಗ್ಗಿಸಿದರೆ ಪಳಗಿದ ಕಣ್ಣಿಗೆ ಅಂಚುಗಳು ಸಾಕಷ್ಟು ಕಾಣುತ್ತವೆ. ಕೋಡುಬಳೆಯ ಕಣಗಳು ವೃತ್ತದಿಂದ ವೃತ್ತಕ್ಕೆ ಕಾಣಿಸಿಕೊಂಡವು. ಮೂತ್ರದಲ್ಲಿ ಪ್ರೋಟೀನೂ ಇತ್ತು. ನಮ್ಮ ಪೆಥಾಲಜಿ ವೈದ್ಯರೂ ನೋಡಿ ಅದನ್ನೇ ಬರೆದುಕೊಟ್ಟರು. ಆ ಒಂದು ಸಾಲಿನ ಟಿಪ್ಪಣಿಯನ್ನು ಹಿಡಿದು ಹುಡುಗನನ್ನು ಹುಬ್ಬಳ್ಳಿಯ ನೆಫ್ರಾಲಜಿ ತಜ್ಞರಲ್ಲಿಗೆ ಕರೆದೊಯ್ದೆವು.

ಅವರು ಬಯಾಪ್ಸಿ, ಅಂದರೆ ಸೂಜಿಯ ಮೂಲಕ ಮೂತ್ರಪಿಂಡದ ಚೂರೊಂದನ್ನು ತೆಗೆದು ಪರೀಕ್ಷಿಸಬೇಕೆಂದಾಗ ತಮ್ಮನ ಹೆಂಡತಿ ನನ್ನ ಕೈ ಹಿಡಿದು, “ಅಕ್ಕಾರ, ಸೂಜಿ ಚುಚ್ಚಿದ್ರ ಇದ್ದ ಕಿಡ್ನಿನೂ ಕೆಟ್ಟು ಹೋದ್ರ ಏನ್ ಮಾಡೂದು?” ಎಂದು ಅತ್ತಳು. ತಾಯಿಯ ಆ ಭಯವನ್ನು ಯಾರೂ ಹಗುರವಾಗಿ ಕಾಣಲಾಗದು. ವೈದ್ಯರು ತಾಳ್ಮೆಯಿಂದ, ರಕ್ತಸ್ರಾವದ ಅಪಾಯ ಸ್ವಲ್ಪಮಟ್ಟಿಗೆ ಇರುವುದನ್ನು ಮರೆಮಾಚದೆ ಹೇಳಿ, ಅದಕ್ಕಾಗಿಯೇ ಒಂದು ದಿನ ಆಸ್ಪತ್ರೆಯಲ್ಲಿ ಮಲಗಿಸಿ ನೋಡಿಕೊಳ್ಳುವುದಾಗಿ ವಿವರಿಸಿದ ಮೇಲೆ ಅವಳು ಒಪ್ಪಿದಳು. ಪರೀಕ್ಷೆಯಲ್ಲಿ ತಿಳಿದುದು ಐಜಿಎ ನೆಫ್ರೋಪತಿ ಎಂಬ ರೋಗ. ಇದನ್ನು 1968ರಲ್ಲಿ ಮೊದಲು ಗುರುತಿಸಿದವರು ಫ್ರಾನ್ಸಿನ ಬರ್ಜೆ ಮತ್ತು ಅಂಗ್ಲೆ. ರೋಗನಿರೋಧಕ ವಸ್ತುವೊಂದು ಜರಡಿಗಳಲ್ಲಿ ಸಂಗ್ರಹವಾಗುವುದರಿಂದ ಇದು ಬರುತ್ತದೆ. ಗಂಟಲಿನ ಸೋಂಕಿನ ಜೊತೆಜೊತೆಗೇ ಮೂತ್ರ ಕಪ್ಪಾಗುವುದು ಇದರ ಒಂದು ಲಕ್ಷಣ. ರಕ್ತದೊತ್ತಡವನ್ನೂ ಮೂತ್ರದ ಪ್ರೋಟೀನನ್ನೂ ತಗ್ಗಿಸುವ ಮಾತ್ರೆ, ಉಪ್ಪಿನ ಮಿತಿ, ಕ್ರಮಬದ್ಧವಾದ ತಪಾಸಣೆ, ಇವು ಅವನ ಪಾಲಿಗೆ ಬಂದ ಚಿಕಿತ್ಸೆ. ಇಂದು ಅವನು ಇಪ್ಪತ್ತು ದಾಟಿದ ಯುವಕ, ಉದ್ಯೋಗದಲ್ಲಿದ್ದಾನೆ. ರೋಗ ಹೋಗಿಲ್ಲ, ಆದರೆ ಹತೋಟಿಯಲ್ಲಿದೆ. ಬಾಳೆದಿಂಡಿನ ರಸದಲ್ಲಿಯೇ ಇನ್ನೂ ಕೆಲವು ವರ್ಷಗಳು ಕಳೆದಿದ್ದರೆ ಆ ಪ್ರೋಟೀನು ಯಾರ ಲೆಕ್ಕಕ್ಕೂ ಬಾರದೆ ಸೋರಿಹೋಗುತ್ತಿತ್ತು.

ಇನ್ನೊಬ್ಬರು ನನ್ನ ಭಾವನವರು. ನಲವತ್ತು ವರ್ಷ ಬೀಡಿ ಸೇದಿದವರು. 2018ರ ಬೇಸಿಗೆಯಲ್ಲಿ ಅವರ ಧೋತರದ ಮೇಲಿನ ಕಲೆಯನ್ನು ಕಂಡು ಅಕ್ಕ ಕೇಳಿದಾಗ ಗದರಿಸಿದ್ದರಂತೆ. ನಾನು ಕೇಳಿದಾಗ, “ಏನೂ ಇಲ್ಲ ತಂಗಿ, ಬಿಸಿಲಾಗ ತಿರುಗಿ ಉಷ್ಣ ಆಗೇತಿ, ಮಜ್ಜಿಗಿ ಕುಡಿದಮ್ಯಾಲ ನಿಂತೇತಿ” ಎಂದರು. ನೋವಿರಲಿಲ್ಲ, ಉರಿಯಿರಲಿಲ್ಲ, ರಕ್ತ ನಿಂತೂ ಇತ್ತು. ಮೋಸವಿರುವುದು ಅಲ್ಲಿಯೇ. ಮೂತ್ರಚೀಲದ ಗಡ್ಡೆಯು ಒಂದು ದಿನ ರಕ್ತ ಸುರಿಸಿ ಅನಂತರ ವಾರಗಟ್ಟಲೆ ಸುಮ್ಮನಿರಬಲ್ಲದು. ಆ ನಡುವೆ ಕುಡಿದ ಮಜ್ಜಿಗೆಗೆ ಗುಣಪಡಿಸಿದ ಕೀರ್ತಿ ಸಲ್ಲುತ್ತದೆ. ಒಂದು ಲೀಟರ್ ಮೂತ್ರವನ್ನು ಕೆಂಪಾಗಿಸಲು 1 ಮಿಲಿಲೀಟರ್ ರಕ್ತ ಸಾಕು. ಹಾಗಾಗಿ ಬಣ್ಣ ಕಂಡು ಗಾಬರಿಯಾಗಬೇಕಿಲ್ಲ. ಬಣ್ಣ ಹೋಯಿತೆಂದು ನಿಶ್ಚಿಂತರಾಗಲೂ ಕೂಡದು. ಕಣ್ಣಿಗೆ ತಿಳಿಯಾಗಿ ತೋರಿದ ಅವರ ಮೂತ್ರದಲ್ಲಿ ಕಣಗಳು ಯಥೇಚ್ಛವಾಗಿದ್ದವು. ಎಲ್ಲವೂ ದುಂಡಗೆ, ಸಮನಾಗಿ, ಒಂದೇ ಅಚ್ಚಿನವು. ಕಾಸ್ಟ್ ಇಲ್ಲ, ಪ್ರೋಟೀನ್ ಇಲ್ಲ. ಜರಡಿಯಲ್ಲಲ್ಲ, ದಾರಿಯಲ್ಲಿ ಹುಡುಕಬೇಕೆಂಬುದು ಅದರ ಅರ್ಥ. ಸ್ಕ್ಯಾನಿನಲ್ಲಿ ಏನೂ ತೋರದಿದ್ದರೂ ಯೂರಾಲಜಿ ತಜ್ಞರು ಅಷ್ಟಕ್ಕೇ ಬಿಡದೆ ಸಿಸ್ಟೊಸ್ಕೋಪ್ ಎಂಬ ದುರ್ಬೀನಿನಿಂದ ಮೂತ್ರಚೀಲದ ಒಳಗೆ ನೋಡಿದರು. ಅಲ್ಲಿ ಹೂಕೋಸಿನ ಎಸಳಿನಂತಹ ಪುಟ್ಟ ಗಡ್ಡೆಯಿತ್ತು, ಕ್ಯಾನ್ಸರ್. ಅದು ಇನ್ನೂ ಸ್ನಾಯುವಿನ ಪದರಕ್ಕೆ ಇಳಿದಿರಲಿಲ್ಲವಾದ್ದರಿಂದ ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ತೆಗೆದರು. ಅನಂತರ ಮಕ್ಕಳಿಗೆ ಕ್ಷಯದ ವಿರುದ್ಧ ಹಾಕುವ ಬಿಸಿಜಿಯನ್ನೇ ಮೂತ್ರಚೀಲಕ್ಕೆ ಬಿಡುವ ಚಿಕಿತ್ಸೆಯೂ ನಡೆಯಿತು. ಬೀಡಿ ಬಿಟ್ಟರು. ಗಡ್ಡೆ ಮರುಕಳಿಸಬಲ್ಲುದಾದ್ದರಿಂದ ನಿಗದಿಯಾದ ಅವಧಿಗೆ ತಪ್ಪದೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಮೂತ್ರಚೀಲದ ಕ್ಯಾನ್ಸರಿಗೆ ತಂಬಾಕಿನ ಹೊಗೆಯೇ ಮುಖ್ಯ ಕಾರಣವೆಂಬುದನ್ನು ಈಗ ಊರಿನ ಕಟ್ಟೆಯಲ್ಲಿ ಅವರೇ ಹೇಳುತ್ತಾರೆ.

ಈ ಪರೀಕ್ಷೆಯನ್ನು ಸರ್ವಜ್ಞನೆಂದು ತಿಳಿಯಬಾರದು. ಮೂತ್ರ ಬಹಳ ಗಟ್ಟಿಯಾಗಿದ್ದರೆ ಸಹಜವಾದ ಕಣಗಳೂ ಸುತ್ತ ಮುಳ್ಳೆದ್ದು ಮುದುಡುತ್ತವೆ. ಹೊಸಬರು ಇದನ್ನೇ ಜರಡಿಯ ವಿರೂಪವೆಂದು ಭ್ರಮಿಸುವುದುಂಟು. ಬಹಳ ತೆಳುವಾಗಿದ್ದರೆ ಕಣಗಳು ಉಬ್ಬಿ, ಬಣ್ಣ ಕಳೆದುಕೊಂಡು ನೆರಳುಗಳಂತಾಗುತ್ತವೆ. ಒಬ್ಬರ ಕಣ್ಣಿಗೆ ವಿರೂಪವಾದುದು ಇನ್ನೊಬ್ಬರಿಗೆ ಹಾಗೆ ತೋರದಿರಬಹುದು. ಜರಡಿಯ ರೋಗವಿದ್ದೂ ಕೋಡುಬಳೆಯ ಕಣಗಳು ಕಾಣದವರು ಅನೇಕರಿದ್ದಾರೆ. ಆದ್ದರಿಂದ ಅವು ಕಂಡರೆ ಸಾಕ್ಷಿ ಬಲವಾದುದು; ಕಾಣದಿದ್ದರೆ ನಿರಪರಾಧಿಯೆಂಬ ತೀರ್ಪಲ್ಲ. ಇನ್ನೂ ಮುಖ್ಯವಾದುದೆಂದರೆ, ವಿರೂಪ ಕಣಗಳು ಕಂಡವೆಂಬ ಕಾರಣಕ್ಕೆ ವಯಸ್ಸಾದವರಲ್ಲಿ, ಧೂಮಪಾನಿಗಳಲ್ಲಿ ಮೂತ್ರಚೀಲದ ತಪಾಸಣೆಯನ್ನು ಕೈಬಿಡಕೂಡದು. ಒಬ್ಬರಿಗೇ ಎರಡೂ ತೊಂದರೆಗಳಿರಬಹುದು. ಅಮೆರಿಕದ ಯೂರಾಲಜಿ ಸಂಘವು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ರಕ್ತ ಕಂಡರೂ ಮಾತ್ರೆಯ ಮೇಲೆ ಹೊರೆ ಹೊರಿಸಿ ಸುಮ್ಮನಿರದೆ ಕಾರಣವನ್ನು ಹುಡುಕಲೇಬೇಕು.

ಕೌಟುಂಬಿಕವಾಗಿ ವಿಚಾರಿಸಬೇಕಾದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಮೂತ್ರದಲ್ಲಿ ರಕ್ತ, ಎಳೆಯ ವಯಸ್ಸಿನಲ್ಲಿಯೇ ಕಿವಿ ಮಂದವಾಗುವುದು, ಗಂಡುಮಕ್ಕಳ ಮೂತ್ರಪಿಂಡ ಯೌವನದಲ್ಲಿಯೇ ಸೋಲುವುದು ಒಟ್ಟಿಗೆ ಕಾಣುತ್ತವೆ. 1927ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರಿನಿಂದ ಅದನ್ನು ಆಲ್ಪೋರ್ಟ್ ರೋಗವೆನ್ನುತ್ತಾರೆ. ಜರಡಿಯ ಪೊರೆಯ ರಚನೆಯಲ್ಲಿಯೇ ಇರುವ ಹುಟ್ಟುದೋಷ ಅದು. ಇಲ್ಲಿಯೂ ವಿರೂಪ ಕಣಗಳೇ ಮೊದಲು ಸುಳಿವು ಕೊಡಬಹುದು. ಹೆಚ್ಚಿನ ಕುಟುಂಬಗಳಲ್ಲಿ ಇದು ತಾಯಿಯ ಮೂಲಕ ಗಂಡುಮಕ್ಕಳಿಗೆ ತೀವ್ರವಾಗಿ ಬರುತ್ತದೆ. ಇದರ ಒಂದು ಬಗೆಗೆ ರಕ್ತಸಂಬಂಧದ ವಿವಾಹಗಳು ದಾರಿ ಮಾಡಿಕೊಡುತ್ತವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಕಡೆಯಲ್ಲಿ ಇದನ್ನು ಮುಚ್ಚಿಟ್ಟರೆ ಯಾರಿಗೂ ಲಾಭವಿಲ್ಲ. ಮದುವೆಯ ಮಾತಿಗೆ ಅಡ್ಡಿಯಾದೀತೆಂದು ಮಗಳ ವರದಿಯನ್ನು ಪೆಟ್ಟಿಗೆಯಲ್ಲಿಟ್ಟ ತಂದೆತಾಯಿಗಳನ್ನು ನಾನು ಬಲ್ಲೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಆ ವರದಿ ಮುಂದೆ ಮೊಮ್ಮಗನಿಗೆ ಬೇಕಾದಾಗ ಪೆಟ್ಟಿಗೆಯಲ್ಲಿರಬಾರದು.

ಓದುಗ ಬಂಧುಗಳು ನೆನಪಿಡಬೇಕಾದ ಕೆಲವು ವ್ಯಾವಹಾರಿಕ ಮಾತುಗಳಿವೆ. ಈ ಪರೀಕ್ಷೆಗೆ ಮೂತ್ರವು ತಾಜಾ ಇರಬೇಕು. ಎರಡು ಗಂಟೆಗಳೊಳಗೆ ನೋಡದಿದ್ದರೆ ಕಣಗಳು ಕೆಡುತ್ತವೆ. ಮನೆಯಿಂದ ಸೀಸೆಯಲ್ಲಿ ತುಂಬಿ, ಬಸ್ಸಿನಲ್ಲಿ ಬಿಸಿಲಿನಲ್ಲಿ ತರುವುದು ವ್ಯರ್ಥ. ರಾತ್ರಿಯೆಲ್ಲ ಮೂತ್ರಚೀಲದಲ್ಲಿ ನಿಂತ ಮೊದಲ ಮೂತ್ರಕ್ಕಿಂತ ಬೆಳಗಿನ ಎರಡನೆಯ ಮೂತ್ರ ಮೇಲು. ಆರಂಭದ ಧಾರೆಯನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು. ಹೆಂಗಸರು ಮುಟ್ಟಿನ ದಿನಗಳಲ್ಲಿ ಕೊಡಬಾರದು. ಆದರೆ ಅದನ್ನೇ ನೆಪಮಾಡಿ ಮುಂದೂಡುತ್ತಲೂ ಇರಬಾರದು. ಬೀಟ್‌ರೂಟ್ ತಿಂದರೂ, ಕ್ಷಯದ ರಿಫಾಂಪಿಸಿನ್ ಮಾತ್ರೆ ನುಂಗಿದರೂ ಮೂತ್ರ ಕೆಂಪಾಗುತ್ತದೆ. ಪಟ್ಟಿ ಅದ್ದಿ ನೋಡುವ ಪರೀಕ್ಷೆಯು ಸ್ನಾಯುಗಳು ನಜ್ಜಾದಾಗ ಬರುವ ವರ್ಣದ್ರವ್ಯವನ್ನು ಸಹ ರಕ್ತವೆಂದೇ ತೋರಿಸುತ್ತದೆ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ಕಂಡೇ ನಿರ್ಧರಿಸಬೇಕು. ಚಹದ ಬಣ್ಣ ಜರಡಿಯ ಕಡೆಗೆ, ಹೆಪ್ಪುಗಟ್ಟಿದ ತುಣುಕುಗಳು ದಾರಿಯ ಕಡೆಗೆ ಬೆರಳು ತೋರಿಸುತ್ತವೆ. ವೈದ್ಯರಿಗೆ ಇವನ್ನು ನಾಚದೆ ಹೇಳಬೇಕು.

ಇಂದು ದೊಡ್ಡ ಪ್ರಯೋಗಶಾಲೆಗಳಲ್ಲಿ ಯಂತ್ರಗಳೇ ಮೂತ್ರದ ಕಣಗಳ ಚಿತ್ರ ತೆಗೆದು ವಿಂಗಡಿಸುತ್ತವೆ. ಅನುಕೂಲವೇ ಸರಿ. ಆದರೆ ಯಂತ್ರವಿರಲಿ, ಮನುಷ್ಯನಿರಲಿ, ಕೇಳದಿದ್ದರೆ ವರದಿಯಲ್ಲಿ ಬಹಳ ಸಲ ಸಂಖ್ಯೆಯೊಂದೇ ಬರುತ್ತದೆ. “ಕಣಗಳ ಆಕಾರ ಹೇಗಿದೆ? ಕಾಸ್ಟ್ ಇದೆಯೇ? ಪ್ರೋಟೀನ್ ಎಷ್ಟು?” ಎಂದು ವೈದ್ಯರ ಮೂಲಕ ಕೇಳಿಸುವ ಹಕ್ಕು ರೋಗಿಗೂ ಮನೆಯವರಿಗೂ ಇದೆ. ಕೇಳಲು ಹೆಚ್ಚಿನ ಹಣವಾಗಲಿ ದೊಡ್ಡ ಊರಾಗಲಿ ಬೇಡ. ತಾಜಾ ಮಾದರಿ, ಒಂದು ಸೂಕ್ಷ್ಮದರ್ಶಕ, ನೋಡುವವರಿಗೆ ಹತ್ತು ನಿಮಿಷದ ಸಮಾಧಾನ ಇದ್ದರೆ ಸಾಕು. ಮನೆಯ ಹಿರಿಯರು ಇಂತಹ ತೊಂದರೆಯನ್ನು ತಾವೇ ಮೊದಲು ಬಾಯಿಬಿಟ್ಟು ಹೇಳಿಕೊಂಡರೆ ಕಿರಿಯರಿಗೂ ಹೇಳುವ ಧೈರ್ಯ ಬರುತ್ತದೆ. ಈ ತಿಂಗಳು ನಿಮ್ಮ ಮನೆಯಲ್ಲಿ ಯಾರಾದರೂ ಉಷ್ಣವೆಂದು ಮಜ್ಜಿಗೆ ಕೇಳಿದರೆ ಅವಶ್ಯವಾಗಿ ಕೊಡಿ. ಕೊಡುವಾಗ ಬಣ್ಣವೇನಾಗಿತ್ತೆಂದು ಕೇಳುವುದನ್ನು ಮಾತ್ರ ಮರೆಯಬೇಡಿ.